ಗಾಯಾಳುವನ್ನು ಹೊತ್ತು ತರುವ ಇರುವೆ

ಸಕ್ಕರೆಯ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು ಕಾಪಾಡಿಕೊಳ್ಳುವ ನಮ್ಮ ಹೋಟೆಲು ಬಂಧುಗಳಿಗೆ ಇರುವೆಯೆಂದರೇನೆಂದು ಹೇಳಿಕೊಡಬೇಕಾದುದಿಲ್ಲ. ಉಗ್ರಾಣದ ಸಣ್ಣ ಕೆಂಪಿರುವೆ, ಊರಿನ ಮಾವಿನ ಮರದ ಚಗಳಿ, ಜಗಲಿಯ ಮೇಲೆ ಸುಳಿದಾಡುವ ಗೊದ್ದ, ಇವುಗಳೆಲ್ಲವನ್ನೂ ಕಂಡವರೇ ನಾವು, ಕಚ್ಚಿಸಿಕೊಂಡವರೂ ಹೌದು. ಆದರೆ ಈ ಲೇಖನದ ವಸ್ತುವಾದ ಇರುವೆಯು ನಮ್ಮ ದೇಶದ್ದಲ್ಲ. ಸಹರಾ ಮರುಭೂಮಿಯಿಂದ ತೆಂಕಣಕ್ಕೆ ಹಬ್ಬಿರುವ ಆಫ್ರಿಕಾದ ಬಯಲುಗಳು ಅದರ ನೆಲೆ. ವಿಸ್ತಾರವಾದ ಹುಲ್ಲುಗಾವಲು, ನಡುನಡುವೆ ಬಿಡಿಬಿಡಿಯಾಗಿ ನಿಂತ ಮರಗಳು, ವರ್ಷದಲ್ಲಿ ಕೆಲವು ತಿಂಗಳು ಮಳೆ, ಉಳಿದ ಕಾಲವೆಲ್ಲ ಒಣಬಿಸಿಲು, ಇಂಥ ಪ್ರದೇಶಕ್ಕೆ ಸವನ್ನಾ ಎಂದು ಹೆಸರು. ಅಲ್ಲಿನ ಮಣ್ಣಿನಲ್ಲಿ ಗೆದ್ದಲು ಹೇರಳ. ಗೆದ್ದಲಿರುವಲ್ಲಿ ಗೆದ್ದಲನ್ನು ತಿಂದು ಬದುಕುವವರೂ ಇರಬೇಕಲ್ಲವೆ? ಅಂಥವರಲ್ಲಿ ಅಗ್ರಗಣ್ಯವಾದುದು ಮತಬೇಲೆ ಇರುವೆ.

ಮತಬೇಲೆ ಎಂಬುದು ಮನುಷ್ಯರ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ, ಇಂದಿನ ಜಿಂಬಾಬ್ವೆಯ ಸೀಮೆಯಲ್ಲಿ ನೆಲಸಿ, ಸಾಲುಗಟ್ಟಿ ದಂಡೆತ್ತಿ ಹೋಗುವುದರಲ್ಲಿ ಪ್ರಸಿದ್ಧರಾಗಿದ್ದ ಜನಾಂಗವದು. ಈ ಇರುವೆಯ ನಡಿಗೆಯನ್ನು ಕಂಡವರು ಆ ಹೆಸರನ್ನೇ ಇದಕ್ಕೂ ಇಟ್ಟರು. ವಿದ್ವಾಂಸರು ಕೊಟ್ಟ ಹೆಸರು ಬೇರೆ: ಮೆಗಾಪೊನೆರ ಅನಾಲಿಸ್. ಈ ಹೆಸರಿನ ಉತ್ತರಾರ್ಧವನ್ನು ಫ್ರಾನ್ಸಿನ ಕೀಟಶಾಸ್ತ್ರಜ್ಞ ಲತ್ರೇಯ್ ೧೮೦೨ರಲ್ಲಿಯೂ, ಪೂರ್ವಾರ್ಧವನ್ನು ಆಸ್ಟ್ರಿಯದ ಮಾಯರ್ ೧೮೬೨ರಲ್ಲಿಯೂ ಕೊಟ್ಟರು. ಆ ಮೇಲೆ ಇದನ್ನು ಪ್ಯಾಕಿಕಾಂಡಿಲ ಎಂಬ ದೊಡ್ಡ ಕುಲಕ್ಕೆ ಸೇರಿಸಿಬಿಟ್ಟದ್ದೂ ಉಂಟು; ೨೦೧೪ರಲ್ಲಿ ಷ್ಮಿಟ್ ಮತ್ತು ಶಾಟಕ್ ಎಂಬಿಬ್ಬರು ಮತ್ತೆ ಪ್ರತ್ಯೇಕ ಮನೆತನವಾಗಿ ನಿಲ್ಲಿಸಿದರು. ಹೆಸರಿಡುವುದರಲ್ಲಿಯೇ ಎರಡು ಶತಮಾನಗಳು ಕಳೆದವು. ಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಸತ್ತ ಇರುವೆಯನ್ನು ಎಷ್ಟು ನೋಡಿದರೂ ಅದರ ಮುಖ್ಯ ಲಕ್ಷಣವು ತಿಳಿಯದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು.

ಮೊದಲು ಹೊರರೂಪ. ಬಣ್ಣ ಕಪ್ಪು, ಹೊಳಪು ಕಡಿಮೆ. ನಡು ಸಣ್ಣದು, ಅದರಲ್ಲಿ ಒಂದೇ ಗಂಟು. ಬಾಲದ ತುದಿಯಲ್ಲಿ ಮುಳ್ಳುಂಟು; ಚುಚ್ಚಿದರೆ ಬಹಳ ನೋವು. ರಾಣಿಗೂ ರೆಕ್ಕೆಯಿಲ್ಲ. ಮುಟ್ಟಿ ಕೆಣಕಿದರೆ ಮೈಯ ಭಾಗಗಳನ್ನು ಒಂದಕ್ಕೊಂದು ಉಜ್ಜಿ, ಮನುಷ್ಯನ ಕಿವಿಗೆ ಕೇಳುವಷ್ಟು ‘ಚರ್’ ಎಂದು ಸದ್ದು ಮಾಡುವುದು. ಇದೆಲ್ಲಕ್ಕಿಂತ ಮುಖ್ಯವಾದ ಗುರುತೆಂದರೆ ಒಂದೇ ಗೂಡಿನ ಕೆಲಸಗಾರರಲ್ಲಿ ಕಾಣುವ ಅಳತೆಯ ಅಂತರ. ಕಿರಿಯವು ಅರ್ಧ ಸೆಂಟಿಮೀಟರಿನ ಆಸುಪಾಸು. ಹಿರಿಯವು ಒಂದೂವರೆ ಸೆಂಟಿಮೀಟರಿಗೂ ಮಿಕ್ಕಿ ಬೆಳೆದ ದೈತ್ಯರು. ಬೇರೆ ಬೇರೆಯಾಗಿ ಕಂಡವರು ಇವೆರಡೂ ಒಂದೇ ಜಾತಿಯೆಂದರೆ ನಂಬಲಾರರು.

ಇದನ್ನು ಹೋಲುವವು ಅಲ್ಲಿ ಮತ್ತೆರಡುಂಟು. ನಾರುವ ಇರುವೆಯೆಂದು ಕರೆಯಿಸಿಕೊಳ್ಳುವ ಪಾಲ್ತೊಥೈರಿಯಸ್ ಕೂಡ ಕಪ್ಪು, ಅದೂ ದೊಡ್ಡದು. ಆದರೆ ಅದರ ಕೆಲಸಗಾರರೆಲ್ಲರೂ ಹೆಚ್ಚುಕಡಿಮೆ ಒಂದೇ ಅಳತೆಯವರು. ಇನ್ನೊಂದು ಪ್ರಸಿದ್ಧವಾದ ಡೋರಿಲಸ್ ದಂಡಿರುವೆ. ಅದಕ್ಕೆ ಕಣ್ಣಿಲ್ಲ, ಅದರ ದಂಡಿನಲ್ಲಿ ಲಕ್ಷಗಟ್ಟಲೆ ತಲೆಗಳು. ಮತಬೇಲೆಗೆ ಕಣ್ಣುಗಳಿವೆ, ಅದರ ಗೂಡಿನ ಸಂಸಾರವೂ ಕೆಲವು ನೂರರಿಂದ ಒಂದೆರಡು ಸಾವಿರದವರೆಗೆ ಮಾತ್ರ. ನಮ್ಮ ನಾಡಿನಲ್ಲಿ ಸಾಲುಗಟ್ಟಿ ಬೇಟೆಗೆ ಹೊರಡುವ ದೂರದ ದಾಯಾದಿಯೊಬ್ಬನಿದ್ದಾನೆ. ಜೆರ್ಡನ್ ಎಂಬ ಸೈನ್ಯದ ವೈದ್ಯರು ೧೮೫೧ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಮಾಡುವಾಗ ಹೆಸರಿಸಿದ ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್ ಅದು. ಅದರ ದಾರಿಗಳು ಕವಲೊಡೆಯುವುದೇಕೆಂಬುದನ್ನು ಕುರಿತು ೧೯೯೧ರಲ್ಲಿ ಪ್ರಬಂಧ ಬರೆದವರಲ್ಲಿ ಒಬ್ಬರು, ಕನ್ನಡ ಕಾದಂಬರಿಗಳಿಂದ ನಮ್ಮ ವಾಚಕರಿಗೆ ಪರಿಚಿತರಾದ ಕೆ. ಎನ್. ಗಣೇಶಯ್ಯನವರು. ಇರಲಿ, ಆಫ್ರಿಕಾಕ್ಕೆ ಮರಳೋಣ.

ಮತಬೇಲೆಯ ಆಹಾರ ಗೆದ್ದಲೊಂದೇ. ಬೇರೆ ಯಾವುದನ್ನೂ ಬಯಸದು. ಬೆಳಗಿನ ತಂಪಿನಲ್ಲಿಯೋ ಸಂಜೆಯ ಇಳಿಹೊತ್ತಿನಲ್ಲಿಯೋ ಗೂಢಚಾರ ಇರುವೆಯೊಂದು ಒಂಟಿಯಾಗಿ ಹೊರಟು, ಐವತ್ತು ಮೀಟರುಗಳಷ್ಟು ದೂರವಾದರೂ ಅಲೆದು, ಗೆದ್ದಲು ಮೇಯುತ್ತಿರುವ ಸ್ಥಳವನ್ನು ಕಂಡುಹಿಡಿಯುವುದು. ಕಂಡೊಡನೆ ಅದು ಕದನಕ್ಕೆ ನಿಲ್ಲುವುದಿಲ್ಲ. ನೆಲದ ಮೇಲೆ ವಾಸನೆಯ ಗೆರೆಯನ್ನು ಎಳೆಯುತ್ತ ಗೂಡಿಗೆ ಓಡುವುದು. ಕೆಲವೇ ನಿಮಿಷಗಳಲ್ಲಿ ಇನ್ನೂರರಿಂದ ಆರುನೂರರವರೆಗಿನ ದಂಡು ಹೊರಬಿದ್ದು, ಗೂಢಚಾರನ ಹಿಂದೆಯೇ ಸಾಲಾಗಿ ಸಾಗುವುದು. ಗುರಿ ಮುಟ್ಟಿದ ಮೇಲೆ ಕೆಲಸದ ಹಂಚಿಕೆಯನ್ನು ನೋಡಬೇಕು. ಹಿರಿಯವು ಗೆದ್ದಲು ಕಟ್ಟಿದ ಮಣ್ಣಿನ ಹೊದಿಕೆಯನ್ನು ಒಡೆದು ಬಾಯಿ ಮಾಡಿಕೊಡುವುವು. ಆ ಬಾಯೊಳಗೆ ನುಗ್ಗಿ ಗೆದ್ದಲನ್ನು ಕೊಂದು ಹೊರಕ್ಕೆಳೆಯುವವು ಕಿರಿಯವು. ರಾಶಿ ಬಿದ್ದ ಮೇಲೆ ಹಿರಿಯವು ಏಳೆಂಟು ಗೆದ್ದಲುಗಳನ್ನು ಒಂದೇ ಸಲಕ್ಕೆ ಬಾಯಿತುಂಬ ಕಚ್ಚಿಕೊಂಡು ಮನೆಗೆ ಹೊರಡುವುವು. ಉರಿಯುವ ಒಲೆಯ ಮುಂದೆ ನಿಲ್ಲುವವನೊಬ್ಬ, ತುಂಬಿದ ತಟ್ಟೆಗಳನ್ನು ಹೊತ್ತೊಯ್ಯುವವನೊಬ್ಬ, ಈ ಕ್ರಮವನ್ನು ಬಲ್ಲವರಿಗೆ ಇದು ಹೊಸತೆನಿಸದು.

ಗೆದ್ದಲೇನೂ ಸುಮ್ಮನೆ ಸಾಯುವ ಪ್ರಾಣಿಯಲ್ಲ. ಅವುಗಳಲ್ಲಿಯೂ ಸೈನಿಕರಿದ್ದಾರೆ, ಕತ್ತರಿಯಂಥ ದವಡೆಯವರು. ಇಕ್ಕಟ್ಟಿನ ಸುರಂಗದಲ್ಲಿ ನಡೆಯುವ ಕದನದಲ್ಲಿ ಇರುವೆಗಳ ಕಾಲು, ಮೀಸೆ ತುಂಡಾಗುವುದು ನಿತ್ಯದ ಮಾತು. ಕೆಲವು ಇರುವೆಗಳ ಮೈಗೆ ಗೆದ್ದಲು ಕಚ್ಚಿಕೊಂಡೇ ಉಳಿದು, ಅವು ನಡೆಯಲಾರದಂತಾಗುವುವು. ಇರುವೆಯೊಂದು ಸತ್ತರೆ ಗೂಡಿಗೆ ಏನು ನಷ್ಟ ಎಂದೇ ಲೋಕವು ಬಹುಕಾಲ ಎಣಿಸಿತ್ತು. ಐವರಿ ಕೋಸ್ಟ್ ದೇಶದ ಈಶಾನ್ಯದಲ್ಲಿರುವ ಕೊಮೊಯೆ ರಾಷ್ಟ್ರೀಯ ಉದ್ಯಾನದಲ್ಲಿ ಈ ಎಣಿಕೆ ತಲೆಕೆಳಗಾಯಿತು. ಆ ಉದ್ಯಾನವು ೧೯೮೩ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದು. ದೇಶದೊಳಗಿನ ಯುದ್ಧದಿಂದ ೨೦೦೩ರಲ್ಲಿ ಅಪಾಯದ ಪಟ್ಟಿಗೂ ಬಿದ್ದು, ೨೦೧೭ರಲ್ಲಿ ಅದರಿಂದ ಬಿಡುಗಡೆ ಹೊಂದಿತು. ಅದೇ ೨೦೧೭ರಲ್ಲಿ, ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಎರಿಕ್ ಫ್ರಾಂಕ್ ಮತ್ತು ಅವರ ಸಂಗಡಿಗರು, ಮತಬೇಲೆ ಇರುವೆಯು ತನ್ನ ಗಾಯಾಳುಗಳನ್ನು ಕದನರಂಗದಿಂದ ಹೊತ್ತು ಮನೆಗೆ ತರುವುದೆಂದು ಪ್ರಕಟಿಸಿದರು.

ಗಾಯಗೊಂಡ ಇರುವೆಯು ದವಡೆಯ ಬಳಿಯ ಗ್ರಂಥಿಯಿಂದ ಗಂಧಕ ಬೆರೆತ ಎರಡು ದ್ರವ್ಯಗಳ ವಾಸನೆಯನ್ನು ಹೊರಸೂಸುವುದು. ಅದೇ ಅದರ ಕೂಗು. ವಾಸನೆ ಹಿಡಿದು ಬಂದ ಜೊತೆಗಾರನು ಮುಟ್ಟಿ ನೋಡಿ ಎತ್ತಿಕೊಂಡರೆ, ಗಾಯಾಳುವು ಕೈಕಾಲು ಮುದುರಿ ಹಸುಗೂಸಿನಂತೆ ಹೊರೆಯಾಗದೆ ಸಾಗುವುದು. ಹೊರುವವರಿಲ್ಲದೆ ಒಂಟಿಯಾಗಿ ಕುಂಟುತ್ತ ಹೊರಟವುಗಳ ಗತಿಯೇನೆಂದು ಫ್ರಾಂಕರು ಪರೀಕ್ಷಿಸಿದಾಗ, ನೂರಕ್ಕೆ ಮೂವತ್ತೆರಡು ದಾರಿಯಲ್ಲೇ ಸತ್ತವು. ಹೆಚ್ಚಿನವನ್ನು ಕೊಂದದ್ದು ಹಾದಿಯಲ್ಲಿ ಹೊಂಚುಹಾಕುವ ಜೇಡಗಳು. ಮನೆ ಸೇರಿದವುಗಳೋ ಉಳಿದ ಕಾಲುಗಳಲ್ಲಿಯೇ ನಡೆಯುವುದನ್ನು ಒಂದು ದಿನದೊಳಗೆ ಕಲಿತು, ಮತ್ತೆ ದಂಡಿನೊಂದಿಗೆ ಬೇಟೆಗೆ ಹೊರಡುವುವು. ದಿನಕ್ಕೆ ಹದಿಮೂರರಷ್ಟು ಮಾತ್ರ ಹೊಸ ಇರುವೆಗಳು ಹುಟ್ಟುವ ಗೂಡಿಗೆ, ಉಳಿಸಿಕೊಂಡ ಒಂದೊಂದೂ ಲಾಭವೇ. ಗಾಯಾಳುಗಳನ್ನು ತರುವುದರಿಂದ ಗೂಡಿನ ಗಾತ್ರವು ನೂರಕ್ಕೆ ಇಪ್ಪತ್ತೆಂಟರಷ್ಟು ಹೆಚ್ಚು ಇರುವುದೆಂದು ಲೆಕ್ಕ ಹಾಕಿದ್ದಾರೆ. ಗಲ್ಲಾದ ಮುಂದೆ ಕುಳಿತು ಲೆಕ್ಕ ಬರೆದವನಾದುದರಿಂದ ಈ ಅಂಕಿ ನನ್ನ ಮನಸ್ಸಿಗೆ ಹಿಡಿಸಿತು. ಇದನ್ನು ಕರುಣೆಯೆನ್ನಬೇಕೆ, ವ್ಯವಹಾರವೆನ್ನಬೇಕೆ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಕಾದ ಎಣ್ಣೆ ಸಿಡಿದು ಕೈ ಸುಟ್ಟವನಿಗೆ ಮೊದಲು ನೀರು ಸುರಿಯುವವನು ಪಕ್ಕದ ಒಲೆಯವನೇ; ಆ ಗಳಿಗೆಯಲ್ಲಿ ಅವನು ವಾದ ಮಾಡುತ್ತ ನಿಲ್ಲುವುದಿಲ್ಲ.

ಗೂಡಿನೊಳಗೆ ನಡೆಯುವ ಶುಶ್ರೂಷೆಯ ವರದಿಯು ೨೦೧೮ರಲ್ಲಿ ಬಂದಿತು. ಜೊತೆಗಾರರು ಗಾಯವನ್ನು ಬಹಳ ಹೊತ್ತು ನೆಕ್ಕುವರು. ಶುಶ್ರೂಷೆಯಿಲ್ಲದೆ ಒಂಟಿಯಾಗಿ ಇಟ್ಟ ಗಾಯಾಳುಗಳಲ್ಲಿ ನೂರಕ್ಕೆ ಎಂಬತ್ತು ಒಂದು ದಿನದೊಳಗೆ ಸತ್ತರೆ, ಒಂದೇ ಗಂಟೆಯ ಕಾಲ ಜೊತೆಗಾರರ ಉಪಚಾರ ಪಡೆದವುಗಳಲ್ಲಿ ಸತ್ತವು ನೂರಕ್ಕೆ ಹತ್ತು. ಆ ನಾಲಗೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ೨೦೨೩ರ ಡಿಸೆಂಬರಿನಲ್ಲಿ ಉತ್ತರ ದೊರೆಯಿತು. ಇರುವೆಯ ಎದೆಭಾಗದ ಹಿಂಬದಿಯಲ್ಲಿರುವ ಗ್ರಂಥಿಯ ರಸವೇ ಔಷಧ. ಅದರಲ್ಲಿ ನೂರಕ್ಕೂ ಮಿಕ್ಕಿದ ದ್ರವ್ಯಗಳಿವೆ. ಅವುಗಳಲ್ಲಿ ಅರ್ಧದಷ್ಟು ರೋಗಾಣುಗಳನ್ನು ಕೊಲ್ಲುವಂಥವು ಅಥವಾ ಗಾಯವನ್ನು ಮಾಯಿಸುವಂಥವು. ಅದರ ಎದುರಾಳಿಯಾದ ಸ್ಯೂಡೊಮೊನಾಸ್ ಎಂಬ ರೋಗಾಣುವು ನಮ್ಮ ಆಸ್ಪತ್ರೆಗಳಲ್ಲಿಯೂ ವೈದ್ಯರ ನಿದ್ದೆ ಕೆಡಿಸುವಂಥದೇ. ಇನ್ನೊಂದು ಸೋಜಿಗವೆಂದರೆ, ಔಷಧವನ್ನು ಎಲ್ಲರಿಗೂ ಸಮನಾಗಿ ಸುರಿಯುವುದಿಲ್ಲ. ಗಾಯದಲ್ಲಿ ಸೋಂಕು ಹತ್ತಿದಾಗ ಇರುವೆಯ ಮೈಮೇಲಿನ ಮೇಣದಂಥ ಲೇಪದ ವಾಸನೆಯೇ ಬದಲಾಗುವುದು. ಅದನ್ನು ಗುರುತಿಸಿ ಸೋಂಕಿದ್ದವಕ್ಕೆ ಹೆಚ್ಚಾಗಿ ಹಚ್ಚುವುವು. ಹೀಗೆ ಮಾಡುವುದರಿಂದ ಸಾವು ನೂರಕ್ಕೆ ತೊಂಬತ್ತರಷ್ಟು ಇಳಿಯಿತು.

ಆದರೆ ಎಲ್ಲ ಗಾಯಾಳುಗಳೂ ಮನೆ ಸೇರುವುದಿಲ್ಲ. ಒಂದೆರಡು ಕಾಲು ಕಳೆದುಕೊಂಡವನ್ನು ಎತ್ತಿಕೊಳ್ಳುವರು. ಐದು ಕಾಲು ಕಳೆದುಕೊಂಡುದನ್ನು ಬಿಟ್ಟು ಹೋಗುವರು. ಬಿಡುವ ತೀರ್ಪು ಹೊರುವವನದಲ್ಲ. ಬದುಕಬಲ್ಲ ಗಾಯಾಳುವು ಜೊತೆಗಾರನ ಸುಳಿವು ಸಿಕ್ಕೊಡನೆ ನಿಧಾನಿಸಿ, ಮುದುರಿಕೊಂಡು, ಎತ್ತಿಕೊಳ್ಳಲು ಅನುವಾಗುವುದು. ಉಳಿಯುವ ಆಸೆಯಿಲ್ಲದ್ದು ಹಾಗೆ ಮುದುರಲಾರದು. ನೆಲದ ಮೇಲೆ ಗಿರಗಿರನೆ ಸುತ್ತುತ್ತ ಒದ್ದಾಡುತ್ತಲೇ ಇರುವುದು. ಎತ್ತಿಕೊಳ್ಳಲು ಬಂದವನು ಒಂದೆರಡು ಸಲ ಪ್ರಯತ್ನಿಸಿ, ಹಿಡಿತ ಸಿಗದೆ, ಸಾಲನ್ನು ಸೇರಿಕೊಳ್ಳುವನು.