ಬೈರಮಂಗಲದ ಹೊಲಕ್ಕೆ ಬಯೋಚಾರ್: ಸುಡೋ ಮೊದಲು ಕಡ್ಡಿ ಯಾವ ನೀರಲ್ಲಿ ಬೆಳೀತು ಅಂತ ಕೇಳಿ

ಇವತ್ತಿನ ಸಂಚಿಕೆ ಇದ್ದಿಲಿನ ಬಗ್ಗೆ. ಇಸ್ತ್ರಿ ಪೆಟ್ಟಿಗೆಯ ಇದ್ದಿಲಲ್ಲ, ಹೊಲಕ್ಕೆ ಹಾಕೋ ಇದ್ದಿಲು. ಬಯೋಚಾರ್ ಅಂತಾರೆ. ನಿಮ್ಮ ಫೋನಿಗೂ ಅದರ ರೀಲ್ಸ್ ಬಂದಿರಬಹುದು: ಒಂದು ಗುಂಡಿ, ಒಂದಿಷ್ಟು ಕಡ್ಡಿ, ಬೆಂಕಿ, ಆಮೇಲೆ ಹಚ್ಚಹಸಿರು ತೋಟ. ಅದು ಪೂರ್ತಿ ಸುಳ್ಳೇನಲ್ಲ. ಆದ್ರೆ ಬಿಡದಿ ಪಕ್ಕದ ಬೈರಮಂಗಲದಂಥ ಊರಲ್ಲಿ ಅದನ್ನ ಹಾಗೇ ನಕಲು ಮಾಡಿದ್ರೆ ಕಷ್ಟ.

ಮೊದಲು ಬೆಳೆ ಉಳಿಕೆ ಅಂದ್ರೆ ಏನು ನೋಡೋಣ. ರಾಮನಗರ, ಮಾಗಡಿ, ಕನಕಪುರ ಕಡೆ ರಾಗಿ ಹುಲ್ಲನ್ನ ಯಾರೂ ಸುಡಲ್ಲ, ಅದು ಮೆದೆಗೆ ಹೋಗುತ್ತೆ, ಅಲ್ಲಿಂದ ಹಸುವಿಗೆ. ಬೇಬಿ ಕಾರ್ನ್ ದಂಟೂ ಅಷ್ಟೇ. ನಿಜವಾಗಿ ಮಿಗೋದು ತೆಂಗಿನ ಗರಿ, ಮಟ್ಟೆ, ಮತ್ತೆ ಹಿಪ್ಪುನೇರಳೆ ಕಡ್ಡಿ. ಈಗ ರೇಷ್ಮೆ ಹುಳಕ್ಕೆ ಕೊಂಬೆ ಸಮೇತ ಸೊಪ್ಪು ಹಾಕ್ತಾರಲ್ಲ, ಹುಳ ಎಲೆ ತಿಂದು ಮುಗಿಸಿದ ಮೇಲೆ ಕಡ್ಡಿ ರಾಶಿ ಉಳಿಯುತ್ತೆ. ಸ್ವಲ್ಪ ಒಲೆಗೆ, ಉಳಿದಿದ್ದಕ್ಕೆ ಬದುವಿನ ಮೂಲೆಯಲ್ಲಿ ಬೆಂಕಿ.

ಹಾಗೆ ಬಯಲಲ್ಲಿ ಸುಟ್ರೆ ಇಂಗಾಲ ಹೊಗೆಯಾಗಿ ಹೋಗುತ್ತೆ, ಸಾರಜನಕವೂ ಬಹುಪಾಲು ಹೋಗುತ್ತೆ. ಉಳಿಯೋ ಬೂದಿಯಲ್ಲಿ ಪೊಟ್ಯಾಷ್ ಇರುತ್ತೆ ಅನ್ನೋದೇ ಸಮಾಧಾನ. ಸುಡದೆ ಮಣ್ಣಿಗೇ ಸೇರಿಸಿದ್ರೆ? ನಾನು ಬಿ.ಕಾಂ ಓದಿದವನು, ನನ್ನ ಭಾಷೇಲಿ ಹೇಳ್ತೀನಿ: ಅದು ಎಸ್‌ಬಿ ಅಕೌಂಟ್. ಸೂಕ್ಷ್ಮಜೀವಿಗಳು ದಿನಾ ಡ್ರಾ ಮಾಡ್ತಾನೇ ಇರ್ತವೆ. ಆ ಖರ್ಚಿಂದಾನೇ ಮಣ್ಣು ಮೆತ್ತಗಾಗೋದು, ಎರೆಹುಳು ಬರೋದು. ಒಂದೇ ತೊಂದರೆ ಅಂದ್ರೆ ಗಟ್ಟಿ ಕಡ್ಡಿ ಹಸಿಯಾಗಿ ಹೂತ್ರೆ ಅದನ್ನ ಕೊಳೆಸೋಕೆ ಆ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳ್ಕೊಂಡು ಬೆಳೆ ಸ್ವಲ್ಪ ದಿನ ಹಳದಿ ತಿರುಗುತ್ತೆ.

ಬಯೋಚಾರ್ ಎಫ್‌ಡಿ ಥರ. ಗಾಳಿ ಕಡಿಮೆ ಇರೋ ಕಡೆ ಕಡ್ಡಿ ಸುಟ್ರೆ ಅದು ಬೂದಿಯಾಗದೆ ಇದ್ದಿಲಾಗಿ ನಿಲ್ಲುತ್ತೆ. ಕಡ್ಡಿಯಲ್ಲಿದ್ದ ಇಂಗಾಲದ ಹೆಚ್ಚುಕಮ್ಮಿ ಅರ್ಧ ಅದರಲ್ಲಿ ಉಳಿಯುತ್ತೆ, ಮತ್ತೆ ಸುಲಭಕ್ಕೆ ಕೊಳೆಯಲ್ಲ. ಅಮೆಜಾನ್ ಕಾಡಲ್ಲಿ ನೂರಾರು ವರ್ಷದ ಹಿಂದೆ ಜನ ಮಣ್ಣಿಗೆ ಸೇರಿಸಿದ ಇದ್ದಿಲು ಇವತ್ತಿಗೂ ಇದೆ. ಅದರ ಸಣ್ಣ ಸಣ್ಣ ತೂತುಗಳು ನೀರು, ಪೋಷಕಾಂಶ ಹಿಡ್ಕೋತವೆ. ಬೇಗ ಒಣಗೋ, ಸ್ವಲ್ಪ ಹುಳಿ ಇರೋ ಕೆಂಪು ಮರಳು ಮಿಶ್ರ ಮಣ್ಣಿಗೆ ಇದು ಒಳ್ಳೇದೇ. ಆದ್ರೆ ಇದು ಗೊಬ್ಬರ ಅಲ್ಲ, ಖಾಲಿ ಪಾತ್ರೆ. ಹಾಗೇ ಹಾಕಿದ್ರೆ ಮೊದಲು ಮಣ್ಣಲ್ಲಿರೋ ಸಾರಜನಕವನ್ನೇ ತುಂಬ್ಕೊಳ್ಳುತ್ತೆ. ಅದಕ್ಕೇ ಸಗಣಿ ಬಗ್ಗಡ, ಗಂಜಲದಲ್ಲಿ ಎರಡು ವಾರ ನೆನೆಸಿ ಹಾಕೋದು.

ಲೆಕ್ಕ ನೋಡಿ. ಮೂರು ಟನ್ ಒಣ ಕಡ್ಡಿ ಸುಟ್ರೆ ಸಿಗೋದು ಸುಮಾರು ಒಂದು ಟನ್ ಇದ್ದಿಲು. ಪ್ರಯೋಗಗಳಲ್ಲಿ ಎಕರೆಗೆ ನಾಲ್ಕು ಟನ್ ಹಾಕೋದು ಸಾಮಾನ್ಯ. ಅಂದ್ರೆ ಹನ್ನೆರಡು ಟನ್ ಕಡ್ಡಿ! ಒಂದು ಎಕರೆ ತೋಟದಿಂದ ಒಂದೇ ವರ್ಷದಲ್ಲಿ ಅಷ್ಟು ಹೊರಡಲ್ಲ. ಕೊಟ್ಟಿಗೆ ಗೊಬ್ಬರದ ಬದಲಿಗೆ ಇದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ರಾಗಿ ಮೇಲೆ ಒಂದು ಪ್ರಯೋಗ ನಡೀತಿದೆ. ಬರೀ ರಾಸಾಯನಿಕ ಗೊಬ್ಬರ ಕಂಡ ತಾಕುಗಳಲ್ಲಿ ವರ್ಷ ಕಳೆದ ಹಾಗೆ ಇಳುವರಿ ಇಳೀತು. ಅದರ ಜೊತೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಕಂಡ ತಾಕುಗಳು ನಿಂತವು. ನಮ್ಮ ಮಣ್ಣಿಗೆ ದಿನದ ಊಟ ಇವತ್ತಿಗೂ ಅದೇ.

ಈಗ ಬೈರಮಂಗಲಕ್ಕೆ ಬರೋಣ. ಬೆಂಗಳೂರಿನ ಬಸವನಗುಡಿ ಹತ್ರ ಹುಟ್ಟೋ ವೃಷಭಾವತಿ ಕೆಂಗೇರಿ ದಾಟಿ ಇಲ್ಲಿನ ಜಲಾಶಯ ಸೇರುತ್ತೆ. ಮುಂದೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. 1940ರ ದಶಕದಲ್ಲಿ ಇದನ್ನ ಕಟ್ಟಿದ್ದು ನೀರಾವರಿಗೆ. ಈಗ ಕಾಲುವೆಯಲ್ಲಿ ಬರೋದು ರಾಜಧಾನಿಯ ಒಳಚರಂಡಿ ನೀರು, ಕಾರ್ಖಾನೆಗಳ ಕೊಳೆ, ಅದರ ಮೇಲೆ ನೊರೆ. ಆ ನೀರಲ್ಲಿ ಸಾರಜನಕ ಎಷ್ಟಿರುತ್ತೆ ಅಂದ್ರೆ ಭತ್ತ ಬರೀ ಸೊಪ್ಪು ಬಿಟ್ಟು ಒರಗಿ ಬೀಳುತ್ತೆ. ಭತ್ತ ಬೆಳೀತಿದ್ದ ಗದ್ದೆಗಳಲ್ಲಿ ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು ಬಂದಿರೋದು ಸುಮ್ನೆ ಅಲ್ಲ.

ಸಾರಜನಕ ಬೆಳೆಗೆ ಹೋಗುತ್ತೆ, ಇಲ್ಲಾ ಗಾಳಿಗೆ ಹೋಗುತ್ತೆ. ಸೀಸ, ನಿಕ್ಕಲ್, ಕ್ರೋಮಿಯಂ ಎಲ್ಲಿಗೂ ಹೋಗಲ್ಲ. ಇಂಥ ಭಾರಲೋಹ ಮಣ್ಣಲ್ಲಿ ಕೂತ್ಕೊಳ್ಳುತ್ತೆ, ಸ್ವಲ್ಪ ಬೇರಿನಿಂದ ಗಿಡಕ್ಕೆ ಏರುತ್ತೆ. ಬಯೋಚಾರ್‌ಗೆ ಇಲ್ಲಿ ನಿಜವಾದ ಒಂದು ಕೆಲಸ ಇದೆ: ಅದು ಸೀಸ, ಕ್ಯಾಡ್ಮಿಯಂ ಥರದ ಲೋಹಗಳನ್ನ ಹಿಡಿದಿಟ್ಟು ಬೇರಿಗೆ ಸಿಗೋದನ್ನ ಕಡಿಮೆ ಮಾಡುತ್ತೆ. ಹಿಡಿದಿಡುತ್ತೆ ಅಷ್ಟೇ, ತೆಗೆದು ಹಾಕಲ್ಲ. ಕಾಲುವೆ ನೀರು ಬಿಟ್ಟಾಗೆಲ್ಲ ಹೊಸ ಲೋಹ ಬರ್ತಾನೇ ಇದ್ರೆ ಎಷ್ಟು ಬೀಗ ಹಾಕ್ತೀರಿ?

ಇನ್ನೊಂದನ್ನ ರೀಲ್ಸಲ್ಲಿ ಹೇಳಲ್ಲ. ಇದೇ ನೀರು ಕುಡಿದು ಬೆಳೆದ ಕಡ್ಡಿಯನ್ನ ಸುಟ್ರೆ, ಮೂರು ಕೆಜಿ ಒಂದು ಕೆಜಿ ಆಗುತ್ತೆ, ಆದ್ರೆ ಅದರಲ್ಲಿದ್ದ ಲೋಹ ಬಹುಪಾಲು ಆ ಒಂದು ಕೆಜಿಯಲ್ಲೇ ಉಳಿಯುತ್ತೆ. ಹೆಚ್ಚುಕಮ್ಮಿ ಮೂರು ಪಟ್ಟು ಗಟ್ಟಿ. ಅದನ್ನ ಮನೆ ಹಿಂದಿನ ಸೊಪ್ಪಿನ ಮಡಿಗೆ ಹಾಕಿದ್ರೆ ಕಾಲುವೆಯನ್ನ ಹಿತ್ತಲಿಗೆ ತಂದ ಹಾಗೆ. ಹಾಗಾಗಿ ಕಾಲುವೆ ನೀರು ಕಾಣದ, ಮಳೆಯಲ್ಲೇ ಬೆಳೆದ ಕಡೆಯ ಕಡ್ಡಿ, ಬದುವಿನ ಲಂಟಾನ ಸುಡಿ. ಕೆಂಡ ಆರಿಸೋಕೂ ಕಾಲುವೆ ನೀರು ಬೇಡ. ಇದ್ದಿಲು ಸ್ವತಃ ಕ್ಷಾರ, ಮಣ್ಣಿನ ಪಿಎಚ್ ಆಗ್ಲೇ 8 ದಾಟಿದ್ರೆ ಆ ಹೊಲಕ್ಕೆ ಬೇಡವೇ ಬೇಡ.

ಪಿಎಚ್ ಎಲ್ಲಿ ಸಿಗುತ್ತೆ? 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಿಗುತ್ತೆ. ಅದರಲ್ಲಿ 12 ಅಂಶ ಇರ್ತವೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ರೆ ಕಡಿಮೆ ಅಂತ ಅರ್ಥ. ಸತು, ತಾಮ್ರ ಇದೆ, ಅದೂ ಬೆಳೆಗೆ ಸಾಕಾ ಅಂತ ನೋಡೋಕೆ. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಇಲ್ಲ. ಬೈರಮಂಗಲದ ರೈತರಿಗೆ ಬೇಕಾಗಿರೋ ಕಾಲಂಗಳೇ ಆ ಕಾರ್ಡಲ್ಲಿ ಇಲ್ಲ! ನನಗೆ ಈ ವಿಷಯದಲ್ಲಿ ಸಿಟ್ಟು ಬರೋದು ಇಲ್ಲೇ. ನೀರು ಕಳಿಸೋದು ನಗರ, ಪರೀಕ್ಷೆಗೆ ದುಡ್ಡು ಕೊಡಬೇಕಾದವರು ರೈತರು.

ಇನ್ನು ಬಿಡದಿ ಉಪನಗರಕ್ಕೆ 2025ರಲ್ಲಿ ಭೂಸ್ವಾಧೀನದ ಅಧಿಸೂಚನೆ ಬಂದ ಊರುಗಳಲ್ಲಿ ಬೈರಮಂಗಲವೂ ಇದೆ. ಜಮೀನೇ ಉಳಿಯುತ್ತೋ ಇಲ್ವೋ ಅನ್ನೋವಾಗ ನೂರು ವರ್ಷದ ಎಫ್‌ಡಿ ಯಾರು ಇಡ್ತಾರೆ, ಅದು ನ್ಯಾಯವಾದ ಪ್ರಶ್ನೆ.

ಆದ್ರೂ ಮಾಡ್ತೀನಿ ಅನ್ನೋರು ಮೊದಲು ಭಾರಲೋಹಕ್ಕೆ ಅಂತಲೇ ಬೇರೆ ಪರೀಕ್ಷೆ ಕೇಳಿ. ಕಾಲುವೆ ತೂಬಿನ ಹತ್ರದ ಮಡಿಯದ್ದು ಒಂದು ಪೊಟ್ಟಣ, ಕೊನೆಯ ಮಡಿಯದ್ದು ಇನ್ನೊಂದು. ಎರಡನ್ನೂ ಬೆರೆಸಿದ್ರೆ ಸರಾಸರಿ ಸಿಗುತ್ತೆ, ಎಲ್ಲಿ ಜಾಸ್ತಿ ಅನ್ನೋದು ಸಿಗಲ್ಲ. ಮೇಲಿನ 15 ಸೆಂಟಿಮೀಟರ್ ಮಣ್ಣು ಸಾಕು. ತುಕ್ಕು ಹಿಡಿದ ಗುದ್ದಲಿ ಬೇಡ, ಮರದ ಕೋಲಲ್ಲಿ ಕೆದಕಿ ತೆಗೀರಿ. ಮುಂದಿನ ವಾರ ಸಿಗೋಣ.