ಮೂಳೆಯ ವಕ್ರತೆಯೂ ಕೋನದ ಅಳತೆಯೂ

ಬಾಗಿಲ ಚೌಕಟ್ಟು ಸರಿಯಾಗಿ ಕೂಡದಿದ್ದರೆ ಬಡಗಿಯು ಅದನ್ನು ಬಿಚ್ಚಿ ಮತ್ತೊಮ್ಮೆ ಕೆತ್ತಬಲ್ಲನು. ಸೊಟ್ಟಾದ ಕಾಲಿನ ಮೂಳೆಯನ್ನು ಕೊಯ್ದು ನೇರಮಾಡುವ ಶಸ್ತ್ರವೈದ್ಯರಿಗೆ ಈ ಸೌಕರ್ಯವಿಲ್ಲ. ರೋಗಿಯು ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ನೇರವಾಗಿ ಕಂಡ ಕಾಲು, ಅವನು ಎದ್ದು ನಿಂತು ಮೈಭಾರವನ್ನು ಅದರ ಮೇಲೆ ಹೊರಿಸಿದ ದಿನ ಸೊಟ್ಟಾಗಿಯೇ ತೋರಬಹುದು. ಆದುದರಿಂದ ಈ ಚಿಕಿತ್ಸೆಯಲ್ಲಿ ಕೊಯ್ಯುವ ಆಯುಧದಷ್ಟೇ ಅಳೆಯುವ ಉಪಕರಣವೂ ಮುಖ್ಯವಾದುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಡಮಕ್ಕಳಲ್ಲಿ ರಿಕೆಟ್ಸ್ ರೋಗದಿಂದ ಕಾಲುಗಳು ಬಾಗುವುದು ಸಾಮಾನ್ಯವಾಗಿತ್ತು. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಮೆಕ್ಯೂಯನ್ ಅಂಥ ಮೂಳೆಗಳನ್ನು ಕೊಯ್ದು ನೇರಮಾಡಿ, 1880ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಬಡಗಿಯ ಉಳಿಗೆ ಒಂದೇ ಪಕ್ಕದಲ್ಲಿ ಇಳಿಜಾರಿರುವುದರಿಂದ ಅದು ಒಳಹೊಕ್ಕಂತೆ ಒಂದು ಕಡೆಗೆ ವಾಲುತ್ತದೆ. ಎರಡು ಪಕ್ಕಗಳಲ್ಲೂ ಸಮನಾದ ಇಳಿಜಾರುಳ್ಳ ಮೂಳೆಯುಳಿಯಾದರೋ ಹಿಡಿದ ದಾರಿಯಲ್ಲಿಯೇ ನೇರವಾಗಿ ಸಾಗುತ್ತದೆ.

ದಾರಿ ನೇರವಾದರೆ ಸಾಲದು, ಎಷ್ಟು ಡಿಗ್ರಿ ತಿದ್ದಬೇಕೆಂಬುದೂ ನಿಶ್ಚಯವಾಗಬೇಕು. ತೆಗೆಯುವ ಬೆಣೆಯ ದಪ್ಪ ಒಂದು ಮಿಲಿಮೀಟರ್ ಆದರೆ ಒಂದು ಡಿಗ್ರಿ ತಿದ್ದಿದಂತಾಯಿತೆಂಬ ಸುಲಭಸೂತ್ರವೊಂದುಂಟು. ಮೂಳೆಯ ಅಗಲ ಸುಮಾರು 57 ಮಿಲಿಮೀಟರ್ ಇದ್ದಾಗ ಮಾತ್ರ ಇದು ನಿಜ. ಅಗಲ 80 ಇದ್ದರೆ, 10 ಮಿಲಿಮೀಟರಿನ ಬೆಣೆಯಿಂದ ದೊರೆಯುವುದು ಸುಮಾರು 7 ಡಿಗ್ರಿ ಮಾತ್ರ. ಗರಗಸದ ಅಲಗು ಪುಡಿಮಾಡುವ ಮೂಳೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಮೊಣಕಾಲಿನ ಹತ್ತಿರ ಒಂದು ಡಿಗ್ರಿ ತಪ್ಪಿದರೆ, 360 ಮಿಲಿಮೀಟರ್ ಕೆಳಗಿರುವ ಹರಡು 6 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಆಗ ಭಾರವೆಲ್ಲವೂ ಮೊಣಕಾಲಿನ ಕೀಲಿನ ಒಂದೇ ಪಕ್ಕದ ಮೇಲೆ ಹೆಚ್ಚಾಗಿ ಬಿದ್ದು, ಆ ಪಕ್ಕವು ಬೇಗ ಸವೆಯಬಹುದು.

ಹೀಗಿರುವಲ್ಲಿ ದಪ್ಪವನ್ನಲ್ಲ, ಕೋನವನ್ನೇ ಅಳೆಯುವುದು ಮೇಲು. ಕೊಯ್ಯುವ ಸ್ಥಳದ ಮೇಲೊಂದು, ಕೆಳಗೊಂದು ಉಕ್ಕಿನ ತಂತಿಯನ್ನು, ತಿದ್ದಬೇಕಾದ ಕೋನದಲ್ಲಿ ಮೊದಲೇ ಮೂಳೆಯೊಳಗೆ ನಿಲ್ಲಿಸುತ್ತಾರೆ. ಬೆಣೆಯನ್ನು ತೆಗೆದು ಮೂಳೆಯನ್ನು ಕೂಡಿಸಿದಾಗ ಎರಡು ತಂತಿಗಳೂ ಸಮಾನಾಂತರವಾದರೆ ಕೆಲಸ ಸರಿಯಾಯಿತೆಂದು ಅರ್ಥ.

ಆ ಕೋನವನ್ನು ಹಿಡಿಯುವ ಮಾಪಕಕ್ಕೆ ಉದ್ದನೆಯ ತೋಳುಗಳಿರಬೇಕು. ಒಂದು ಡಿಗ್ರಿಯ ಅಂತರವು 20 ಮಿಲಿಮೀಟರಿನ ತೋಳಿನ ತುದಿಯಲ್ಲಿ ಅರ್ಧ ಮಿಲಿಮೀಟರೂ ಆಗದು. 200 ಮಿಲಿಮೀಟರಿನ ತೋಳಿನಲ್ಲಿ ಅದು ಮೂರೂವರೆ ಆಗಿ ಕಣ್ಣಿಗೆ ಕಾಣುತ್ತದೆ. ಮಾಪಕವು ಮೂಳೆ ಬಾಗಿರುವ ಸಮತಲದಲ್ಲಿಯೇ ನಿಲ್ಲುವಂತೆ ಆಧಾರವೂ ಇರಬೇಕು. ಕಾಲು 30 ಡಿಗ್ರಿ ಹೊರಳಿದ್ದಾಗ ನೋಡಿದರೆ, 10 ಡಿಗ್ರಿಯ ಬಾಗು 8.7 ಆಗಿ ತೋರುತ್ತದೆ. ಗುರುತುಗಳನ್ನು ಬಣ್ಣದಿಂದ ಬರೆಯದೆ ಲೋಹದಲ್ಲಿಯೇ ಕೊರೆದಿರಬೇಕು, ಏಕೆಂದರೆ ಪ್ರತಿ ಬಳಕೆಗೂ ಅದು ಒತ್ತಡದ ಹಬೆಯಲ್ಲಿ ಬೇಯತಕ್ಕದ್ದು. ರಕ್ತ ನಿಲ್ಲುವ ಸಂದುಗಳು ಕಡಮೆಯಾಗಿರಬೇಕು. ಒದ್ದೆಯಾದ ಕೈಗವಸಿನಿಂದ ತಿರುಪನ್ನು ಬಿಗಿದರೂ ಕೋನ ಕದಲಬಾರದು.

ಇಂದು ಗಣಕಯಂತ್ರದಲ್ಲಿ ಲೆಕ್ಕಹಾಕಿ, ಆಯಾ ರೋಗಿಯ ಮೂಳೆಗೆ ಒಪ್ಪುವ ಮಾರ್ಗದರ್ಶಕ ಅಚ್ಚುಗಳನ್ನೂ ತಯಾರಿಸುತ್ತಾರೆ. ಆದರೂ ಅಚ್ಚು ಮೂಳೆಯ ಮೇಲೆ ಸರಿಯಾಗಿ ಕುಳಿತಿದೆಯೇ ಎಂದು ಪರೀಕ್ಷಿಸುವ ಹೊಣೆ ವೈದ್ಯರದೇ. ಮೂಳೆಯನ್ನು ಕೊಯ್ಯುವ ಮುನ್ನ ಅಳತೆಗಾಗಿ ಕಳೆದ ಹತ್ತು ನಿಮಿಷಗಳು, ಆ ಕಾಲು ಮುಂದೆ ನಡೆಯಬೇಕಾದ ಹಲವು ವರ್ಷಗಳನ್ನು ಕಾಯಬಲ್ಲವು.