ಹೆಳವ ಬಂದಾನ, ಹೊತ್ತಿಗೆ ತಂದಾನ

ಸುಗ್ಗಿ ಮುಗಿದು ರಾಶಿ ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರು; ಈಗ ಬಸ್ಸು, ಬೈಕುಗಳೂ ಆಗುತ್ತವೆ. ಒಕ್ಕಲು ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳಿತು ಗಂಟು ಬಿಚ್ಚಿ ವಂಶಾವಳಿಯ ಹೊತ್ತಿಗೆ ತೆಗೆದರೆ ಮನೆಮಂದಿಯೆಲ್ಲ ಸುತ್ತ ಸೇರುತ್ತಾರೆ. ಈ ಮನೆತನದ ಮೂಲಪುರುಷ ಯಾರು, ಯಾವ ಊರಿಂದ ಬಂದ, ಕುಲದೊಳಗಿನ ಬೆಡಗು ಯಾವುದು, ಮನೆದೇವರು ಯಾವುದು, ಮಕ್ಕಳೆಷ್ಟು, ಅವರಲ್ಲಿ ಯಾರು ಉಳಿದರು, ಯಾರು ಊರು ಬಿಟ್ಟರು ಎಂಬುದನ್ನೆಲ್ಲ ರಾಗವಾಗಿ ಓದುತ್ತ ಹೆಳವ ಈಗಿನ ಯಜಮಾನನವರೆಗೆ ಬರುತ್ತಾನೆ. ಆಮೇಲೆ ಲೇಖನಿ ತೆಗೆದು, ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಾನೆ. ಮನೆಯವರು ಕಾಳು, ಬಟ್ಟೆ, ದುಡ್ಡು ಕೊಡುತ್ತಾರೆ; ಅನುಕೂಲಸ್ಥರು ಆಕಳನ್ನೇ ಕೊಟ್ಟದ್ದೂ ಉಂಟು. ಕೊಟ್ಟ ದಾನವೂ ಹೊತ್ತಿಗೆಗೆ ಸೇರುತ್ತದೆ. ಮುಂದಿನ ಸಲ ಅದನ್ನೂ ಓದುತ್ತಾನೆ, ನೆರೆಹೊರೆಯವರ ಕಿವಿಗೂ ಬೀಳುವಂತೆ!

ಹೆಳವ ಎಂದರೆ ಕುಂಟ. ಅಣ್ಣತಮ್ಮಂದಿರ ದೊಡ್ಡ ಬಳಗದಲ್ಲಿ ನಡೆಯಲಾಗದ ಒಬ್ಬನಿದ್ದ, ಅವನಿಗೆ ಎತ್ತು ಮತ್ತು ಗಂಟೆ ಸಿಕ್ಕಿತು, ಉಳಿದವರ ಮನೆತನದ ಕಥೆ ಹೇಳಿ ಅವರಿಂದಲೇ ಹೊಟ್ಟೆ ಹೊರೆಯುವ ಹಕ್ಕೂ ಸಿಕ್ಕಿತು ಎಂಬುದು ಕುಲದ ಹುಟ್ಟಿನ ಕಥೆ. ಎತ್ತು ಕೊಟ್ಟವನು ಶಿವ ಎನ್ನುವವರಿದ್ದಾರೆ, ಬಸವಣ್ಣ ಎನ್ನುವವರೂ ಇದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಹೆಳವರನ್ನು ತೆಲುಗು ಸೀಮೆಯ ಪಿಚ್ಚಿಗುಂಟರ ಜೊತೆ ಸೇರಿಸಿದ್ದಾರೆ. ಅವರದೂ ಇದೇ ಕಾಯಕ, ಒಕ್ಕಲಿಗರ ವಂಶ ಹೇಳುವುದು. ಓಲೆಗರಿ, ತಾಮ್ರಪಟಗಳ ಕಾಲ ಕಳೆದು ಹೊತ್ತಿಗೆ ಕಾಗದಕ್ಕೆ ಇಳಿದಿದೆ. ಒಂದೊಂದು ಹೆಳವರ ಮನೆಗೂ ಇಂತಿಂಥ ಊರು, ಇಂತಿಂಥ ಒಕ್ಕಲು ಎಂದು ಗೊತ್ತಿರುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲದ ಹಾಗೆ ಒಕ್ಕಲುಗಳೂ ಪಾಲಾಗುತ್ತವೆ.

ಬೆಂಗಳೂರು, ಪುಣೆ, ಅಮೆರಿಕ ಸೇರಿದ ಮನೆತನಗಳ ಮಕ್ಕಳು ಬೇರು ಹುಡುಕಲು ಹೊರಟಾಗ ಮೊದಲು ಹಿಡಿಯುವುದು ಅಡ್ಡಹೆಸರನ್ನು. ಅದನ್ನು ಹಿಡಿದು ಬಹಳ ಹಿಂದಕ್ಕೆ ಹೋಗಲಾಗುವುದಿಲ್ಲ. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಇವೆಲ್ಲ ಅಧಿಕಾರದ ಹೆಸರುಗಳು. ಊರ ಗೌಡಿಕೆ ಯಾರ ಮನೆಯಲ್ಲಿತ್ತೋ ಅವರು ಪಾಟೀಲರು. ಆದ್ದರಿಂದಲೇ ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸಲ್ಮಾನರಲ್ಲಿ ಪಾಟೀಲರಿದ್ದಾರೆ, ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು, ಅಂದರೆ ವತನವನ್ನು, ತೆಗೆದುಹಾಕುವ ಕಾಯ್ದೆ 1961ರಲ್ಲಿ ಬಂತು. ವತನ ಹೋಯಿತು, ಹೆಸರು ಉಳಿಯಿತು. ಕಂಬಾರ, ಬಡಿಗೇರ, ಪತ್ತಾರ, ಹೂಗಾರ ಎಂಬವು ಕಸುಬಿನವು. ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ, ಜೀರಗಿ ಎಂಬವುಗಳ ಹಿಂದೆ ಹೆಚ್ಚಾಗಿ ವ್ಯಾಪಾರವಿರುತ್ತದೆ, ಕೆಲವೊಮ್ಮೆ ಯಾರೋ ಇಟ್ಟ ಅಡ್ಡಹೆಸರು ಅಂಟಿಕೊಂಡಿರುತ್ತದೆ. ಮನೆಯವರನ್ನು ಕೇಳಿದರೆ ಮುತ್ತಜ್ಜನ ತಮಾಷೆಯ ಕಥೆಯೊಂದನ್ನು ಹೇಳಿಯೇ ಹೇಳುತ್ತಾರೆ. ಕಥೆ ಸೊಗಸಾಗಿದ್ದಷ್ಟೂ ಅದನ್ನು ಅನುಮಾನಿಸುವುದು ಒಳ್ಳೆಯದು.

ಊರಿನ ಹೆಸರುಗಳಿಗೆ ಬೇರೆಯೇ ಲೆಕ್ಕ. ಮುಧೋಳದಲ್ಲಿ ಇರುವವನನ್ನು ಯಾರೂ ಮುಧೋಳ ಎಂದು ಕರೆಯುವುದಿಲ್ಲ, ಅಲ್ಲಿ ಎಲ್ಲರೂ ಮುಧೋಳದವರೇ. ಅವನು ಊರು ಬಿಟ್ಟು ಗದಗಿಗೆ ಹೋದ ಮೇಲೆ ಗದಗಿನವರು ಹಾಗೆ ಕರೆಯುತ್ತಾರೆ. ಹೀಗೆ ಇಂಥ ಅಡ್ಡಹೆಸರು ಮನೆತನ ಬಿಟ್ಟುಬಂದ ಊರನ್ನು ತೋರಿಸುತ್ತದೆ, ಆದರೆ ಕಟ್ಟಕಡೆಯದಾಗಿ ಬಿಟ್ಟುಬಂದ ಊರನ್ನು ಮಾತ್ರ. ಅದಕ್ಕೂ ಹಿಂದೆ ಎಲ್ಲಿದ್ದರೋ ಅದಕ್ಕೆ ತಿಳಿಯದು. ಇನ್ನು ಹೊಸಮನಿ: ಪಾಲಾಗಿ ಬೇರೆ ಮನೆ ಕಟ್ಟಿದ ತಮ್ಮ ಹೊಸಮನಿಯವನಾದ, ಹಳೇ ಮನೆಯ ಅಣ್ಣ ಹಿರೇಗೌಡರವನಾಗಿಯೇ ಉಳಿದ. ಇನ್ನೆರಡು ತಲೆಮಾರು ಕಳೆದರೆ ಇಬ್ಬರ ಮೊಮ್ಮಕ್ಕಳು ಒಬ್ಬರನ್ನೊಬ್ಬರು ಪರಕೀಯರೆಂದೇ ತಿಳಿಯುತ್ತಾರೆ. ಶಾಲೆಯ ದಾಖಲಾತಿ ಪುಸ್ತಕ ಬಂದು ಒಂದು ಹೆಸರನ್ನು ಗಟ್ಟಿಮಾಡುವವರೆಗೆ ಈ ಬದಲಾವಣೆ ಸಲೀಸಾಗಿ ನಡೆಯುತ್ತಿತ್ತು. ಹಳೇ ಮೈಸೂರಿನ ಕಡೆ ಈ ಗೋಜೇ ಕಡಿಮೆ. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ ಕುವೆಂಪು ಆದರು. ಊರು, ಅಪ್ಪ, ತಾನು ಎಂಬಲ್ಲಿಗೆ ಹೆಸರು ಮುಗಿಯಿತು.

ಹೆಳವ ಅಡ್ಡಹೆಸರನ್ನು ನಂಬಿ ಕೂರುವುದಿಲ್ಲ. ಅವನು ಬೆಡಗು ಕೇಳುತ್ತಾನೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಕೊಡುಕೊಳ್ಳುವುದು ನಡೆಯದು. ಮದುವೆಯ ಮಾತು ಬಂದಾಗಲೆಲ್ಲ ಕೇಳಲೇಬೇಕಾದ್ದರಿಂದ ಅದು ಮರೆತುಹೋಗದೆ ಉಳಿದಿದೆ. ಕುರುಬರಲ್ಲಿ ಬೆಳ್ಳಿ, ಜೀರಿಗೆ, ಬನ್ನಿ, ಅರಿಶಿನ ಎಂಬ ಬೆಡಗುಗಳಿವೆ. ಬೆಡಗಿನ ವಸ್ತುವನ್ನು ಆ ಬೆಡಗಿನವರು ಮುಟ್ಟಬಾರದೆಂಬ ಕಟ್ಟಳೆ. ಆದರೆ ಅರಿಶಿನವಿಲ್ಲದೆ ಸಂಸಾರ ನಡೆಯುವುದು ಹೇಗೆ? ಅದಕ್ಕೆಂದು ಅರಿಶಿನದವರು ನಿಷೇಧವನ್ನು ನವಣೆಯ ಮೇಲೆ ಹಾಕಿ, ಬೆಡಗಿನ ಹೆಸರನ್ನು ಹಾಗೆಯೇ ಉಳಿಸಿಕೊಂಡರೆಂದು ಥರ್ಸ್ಟನ್ ದಾಖಲಿಸಿದ್ದಾರೆ. ನಿಯಮವನ್ನು ಮುರಿಯದೆ ಬಗ್ಗಿಸುವ ಜಾಣತನ ನಮ್ಮವರಿಗೆ ಹೊಸದಲ್ಲ.

ಬೆಡಗಿನ ಜೊತೆಗೆ ಮನೆದೇವರು. ಸವದತ್ತಿ ಎಲ್ಲಮ್ಮ, ಮೈಲಾರಲಿಂಗ, ಗೊಡಚಿ ವೀರಭದ್ರ ಎಂದರೆ ಸುಳಿವು ಸಿಕ್ಕುವುದು ಕಷ್ಟ; ಸಾವಿರಾರು ಮನೆತನಗಳು ಅಲ್ಲಿಗೆ ನಡೆದುಕೊಳ್ಳುತ್ತವೆ. ಯಾವುದೋ ಚಿಕ್ಕ ಹಳ್ಳಿಯ, ಯಾರೂ ಕೇಳಿರದ ದೇವರಿಗೆ ವರ್ಷಕ್ಕೊಮ್ಮೆ ಹೋಗಿ ಕಾಯಿ ಒಡೆಸುವ ಪದ್ಧತಿ ಮನೆಯಲ್ಲಿದ್ದರೆ ಮಾತ್ರ ಕಿವಿ ನೆಟ್ಟಗಾಗಬೇಕು. ಮನೆತನ ಒಂದು ಕಾಲಕ್ಕೆ ಅಲ್ಲಿತ್ತೆಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಹೊಲ ಮಾರಿದವರು, ಭಾಷೆ ಬದಲಿಸಿದವರು ಕೂಡ ದೇವರನ್ನು ಬಿಟ್ಟುಬರುವುದು ಅಪರೂಪ.

ಹಾಗೆಂದು ಹೊತ್ತಿಗೆಯ ಎಲ್ಲ ಪುಟಗಳಿಗೂ ಒಂದೇ ತೂಕವಿಲ್ಲ. ತೀರಾ ಮೇಲಿನ ತಲೆಗಳು ಶಿವನ ಕೈಲಾಸದ ಹತ್ತಿರಕ್ಕೆ ಹೋಗಿರುತ್ತವೆ, ಮೂಲಪುರುಷ ಶೂರನಾಗಿಯೋ ದಾನಿಯಾಗಿಯೋ ಇರುತ್ತಾನೆ. ಉಣ್ಣುವ ಮನೆಯ ಮೂಲಪುರುಷನನ್ನು ಯಾರು ತಾನೇ ಹೇಡಿ ಎಂದು ಬರೆದಾರು? ಹೆಳವನ ಅಜ್ಜ, ಅಪ್ಪ ಕಟ್ಟೆಯ ಮೇಲೆ ಕುಳಿತು ಕೇಳಿ ಬರೆದುಕೊಂಡ ತಲೆಮಾರುಗಳ ಮಾತು ಬೇರೆ. ಬರಗಾಲಕ್ಕೆ ಊರು ಬಿಟ್ಟದ್ದು, ದಾಯಾದಿ ಜಗಳಕ್ಕೆ ಬೇರೆಯಾದದ್ದು, ಮಕ್ಕಳಿಲ್ಲದವನು ದತ್ತು ತೆಗೆದುಕೊಂಡದ್ದು ಅಲ್ಲಿ ಸಿಗುತ್ತವೆ. ಇವು ಯಾರನ್ನೂ ಹೊಗಳುವ ಸಂಗತಿಗಳಲ್ಲ, ಅದಕ್ಕೇ ನಂಬಬಹುದು.

ಒಂದು ಕೊರತೆಯನ್ನಂತೂ ಹೇಳಲೇಬೇಕು. ವಂಶಾವಳಿ ಗಂಡುಸಾಲಿನದು. ಮದುವೆಯಾಗಿ ಹೋದ ಹೆಣ್ಣುಮಗಳು ಅಲ್ಲಿಗೆ ಮಾಯ, ಮನೆಗೆ ಬಂದ ಸೊಸೆ ಇಂಥವನ ಹೆಂಡತಿ. ಅಜ್ಜಿಯ ತವರಿನ ಕಥೆ ಬೇಕೆಂದರೆ ಅವಳ ತವರೂರಿಗೆ ಹೋಗಿ ಆ ಮನೆಯ ಹೆಳವನನ್ನು ಹುಡುಕಬೇಕು, ಅಲ್ಲಿಯೂ ಸಿಗುವುದು ಅವಳ ಅಪ್ಪ, ಅಣ್ಣತಮ್ಮಂದಿರ ಹೆಸರೇ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ಸಿಡಿಲು ಬಡಿದದ್ದು ವಂಶಾವಳಿ ತಾಯಂದಿರ ಕಡೆ ಬಿಟ್ಟ ಈ ಖಾಲಿ ಜಾಗದಿಂದಲೇ. ತಾವು ಯಾವ ವಂಶದವರೆಂದು ಜೀವಮಾನವಿಡೀ ಹೆಮ್ಮೆಪಟ್ಟಿದ್ದರೋ ಆ ವಂಶದ ರಕ್ತ ತಮ್ಮದಲ್ಲವೆಂದು ಅವರಿಗೆ ತಿಳಿಯುತ್ತದೆ.

ಇಂಥ ಬರಹಗಾರರು ಬೇರೆಡೆಯೂ ಇದ್ದಾರೆ. ಮಿಥಿಲೆಯಲ್ಲಿ ಪಂಜೀಕಾರರು, ಗುಜರಾತಿನಲ್ಲಿ ವಹೀವಂಚಾ ಬಾರೋಟರು, ಹರಿದ್ವಾರದಲ್ಲಿ ಪಂಡಾಗಳು. ಹರಿದ್ವಾರದ ಪಂಡಾಗಳ ವಹಿಗಳನ್ನು, ಅಂದರೆ ವಂಶಾವಳಿ ಪುಸ್ತಕಗಳನ್ನು, ಅಮೆರಿಕದ ಯೂಟಾ ವಂಶಾವಳಿ ಸಂಘ 1977ರಿಂದ ಮೈಕ್ರೋಫಿಲ್ಮ್ ಮಾಡತೊಡಗಿತು. ಆದರೆ ಅಲ್ಲಿ ಯಾತ್ರಿಕ ಪಂಡಾನ ಬಳಿಗೆ ಹೋಗಬೇಕು. ಹೆಳವ ತಾನೇ ಮನೆಬಾಗಿಲಿಗೆ ಬರುತ್ತಾನೆ. ಅವನ ಕಷ್ಟ ಇರುವುದೂ ಅಲ್ಲೇ. ಆಲಮಟ್ಟಿ ಹಿನ್ನೀರಿಗೆ ಊರುಗಳೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು, ಒಕ್ಕಲ ಮಕ್ಕಳು ನಗರದ ಅಪಾರ್ಟ್‌ಮೆಂಟ್ ಸೇರಿದರು. ಕಾವಲುಗಾರ ಗೇಟಿನಲ್ಲೇ ತಡೆಯುವ ಕಡೆ ಯಾವ ಕಟ್ಟೆಯ ಮೇಲೆ ಕಂಬಳಿ ಹಾಸುವುದು? ಹೆಳವರ ಮಕ್ಕಳೂ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಹಿಡಿಯಲಿ, ಅಲೆಮಾರಿ ಬದುಕಿನಲ್ಲಿ ಸುಖವೇನೂ ಇರಲಿಲ್ಲ.

ಈಗ ವಂಶವೃಕ್ಷವೆಂದರೆ ನಾಡಕಚೇರಿಗೆ ಅರ್ಜಿ ಹಾಕಿ ಪಡೆಯುವ ಪ್ರಮಾಣಪತ್ರ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಷ್ಟು ಸಾಕು. ಅದಕ್ಕಿಂತ ಹಿಂದಿನದು ಬೇಕಾದವರು ಮೂಲ ಊರಿಗೆ ಹೋಗಿ, ನಮ್ಮ ಮನೆತನಕ್ಕೆ ಬರುವ ಹೆಳವರು ಯಾರು, ಕೊನೆಯ ಸಲ ಯಾವಾಗ ಬಂದಿದ್ದರು ಎಂದು ಹಿರಿಯರನ್ನು ಕೇಳಿಕೊಳ್ಳಬೇಕು. ಹೋಗುವಾಗ ಬೆಡಗು, ಮನೆದೇವರು, ಅಜ್ಜ–ಮುತ್ತಜ್ಜರ ಹೆಸರು ಬರೆದುಕೊಂಡಿರಲಿ. ಹೆಳವ ಮೊದಲು ಕೇಳುವುದು ಅದನ್ನೇ. ಕಾಣಿಕೆ ಕೊಡುವಾಗ ಕೈ ಬಿಗಿ ಹಿಡಿಯಬೇಡಿ. ಅದೂ ಬರಹಕ್ಕೆ ಸೇರುತ್ತದೆ.